ಮರ ಹತ್ತಿ ಕೊಂಬೆ ಇಳಿಸುವುದು ಹೇಗೆ? ಹಗ್ಗ, ಗರಗಸ, ಗಾಡಿ

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಒಂದು ಜೋರು ಮಳೆ ಬಿತ್ತು ಅಂದ್ರೆ ನಮ್ಮ ಫೋನ್‌ಗಳು ನಿಲ್ಲೋದೇ ಇಲ್ಲ. ಗುಲ್‌ಮೊಹರ್ ಆಗ ತುಂಬ ಹೂ ಬಿಟ್ಟಿರುತ್ತದೆ, ಕೊಂಬೆ ನೀರು ಹೀರಿ ಭಾರವಾಗಿರುತ್ತದೆ, ಗಾಳಿ ಬೇರೆ. 'ಅಣ್ಣಾ, ಕೊಂಬೆ ಮನೆ ಮೇಲೆ ವಾಲಿದೆ, ಇವತ್ತೇ ಬನ್ನಿ' ಅಂತ ಎಲ್ಲರದ್ದೂ ಒಂದೇ ಮಾತು. ಆ ಅವಸರದಲ್ಲಿ ಹುಡುಗರು ಮಚ್ಚು ಹಿಡಿದು, ಸೊಂಟಕ್ಕೆ ನೈಲಾನ್ ಹಗ್ಗ ಬಿಗಿದು ಹತ್ತಿಬಿಡುತ್ತಾರೆ. ನಾನೂ ಹಾಗೇ ಕೆಲಸ ಶುರು ಮಾಡಿದವನು. ಸೊಂಟಕ್ಕೆ ಕಟ್ಟಿದ ಹಗ್ಗ ಬಿದ್ದವನನ್ನು ಹಿಡಿಯುತ್ತದೆ ನಿಜ. ಆದರೆ ಅದರಲ್ಲಿ ನೇತಾಡಿದರೆ ಪಕ್ಕೆಲುಬು ಒತ್ತಿ ಉಸಿರು ಕಟ್ಟುತ್ತದೆ. ಈ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆ ಅಂತ, ಹೊಸದಾಗಿ ಬಂದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಅನುಮತಿ, ಆಮೇಲೆ ಲೈನ್

ರಸ್ತೆ ಬದಿಯ ಮರ ಪಾಲಿಕೆಯದ್ದು. ಅದರ ಕೊಂಬೆಗೆ ಕೈ ಹಾಕುವ ಮುಂಚೆ ಪಾಲಿಕೆಯ ಅರಣ್ಯ ಘಟಕಕ್ಕೆ ಹೇಳಬೇಕು. 1533ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಮರ ನಮ್ಮ ಕಾಂಪೌಂಡ್ ಒಳಗೇ ಇದೆ ಅಂದ್ರೂ, ಬುಡಸಮೇತ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯನ್ನು ಕೇಳಬೇಕಾಗುತ್ತದೆ. ಅನುಮತಿ ಪತ್ರದ ಒಂದು ಪ್ರತಿ ಗಾಡಿಯಲ್ಲೇ ಇರಲಿ. ಅಕ್ಕಪಕ್ಕದವರು ಬಂದು ಕೇಳೇ ಕೇಳುತ್ತಾರೆ, ಕೇಳಬೇಕು ಕೂಡ.

ಕರೆಂಟ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂಗೆ ಫೋನ್ ಮಾಡಿ, 1912. ಲೈನ್‌ಮನ್ ಬಂದು ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಒಪ್ಪಿಗೆ ಪಡೆಯುವ 'ಲೈನ್ ಕ್ಲಿಯರ್' ತೆಗೆದುಕೊಂಡು, ತಂತಿಯನ್ನು ನೆಲಕ್ಕೆ ಜೋಡಿಸಿ (ಅರ್ಥ್ ಮಾಡಿ), 'ಆಯ್ತು' ಅಂತ ಅವರೇ ಹೇಳಬೇಕು. ಬೀದಿಯಲ್ಲಿ ಲೈಟ್ ಹೋಗಿದೆ ಅನ್ನುವುದು ಸಾಲದು. ಯಾವುದೋ ಮನೆಯ ಜನರೇಟರ್‌ನಿಂದ ಕರೆಂಟ್ ತಿರುಗಿ ತಂತಿಗೆ ಬರಬಹುದು. ಲೈನ್ ಆಫ್ ಆಗದಿದ್ದರೆ ನೀವು, ನಿಮ್ಮ ಗರಗಸ, ನೀವು ಕೊಯ್ಯುವ ಕೊಂಬೆ ಎಲ್ಲವೂ ತಂತಿಯಿಂದ ಕನಿಷ್ಠ 3 ಮೀಟರ್ ದೂರ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ ಅನ್ನೋದು ಮರೆಯಬೇಡಿ.

ಮರವನ್ನು ಒಂದು ಸುತ್ತು ಹಾಕಿ

ಹತ್ತು ನಿಮಿಷ ಸುಮ್ನೆ ನೋಡಿ. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆಯಾ? ಮರದ ಸುತ್ತಿಗೆಯಿಂದ ಕಾಂಡ ತಟ್ಟಿದರೆ ಡಬ್ಬದ ಸದ್ದು ಬರುತ್ತಾ? ಒಂದು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆಯಾ? ನಮ್ಮ ಊರಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇತ್ತೀಚೆಗೆ ಇಲ್ಲಿ ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆದಿದ್ದರಾ? ಅಗೆದ ಕಡೆ ಬೇರು ಕತ್ತರಿಸಿರುತ್ತಾರೆ. ಮೇಲೆ ಎಲೆ ಹಸಿರಾಗೇ ಕಾಣುತ್ತದೆ, ಕೆಳಗೆ ಹಿಡಿತವೇ ಇರುವುದಿಲ್ಲ.

ಗುಲ್‌ಮೊಹರ್‌ನ ಬೇರು ಆಳಕ್ಕೆ ಹೋಗುವುದಿಲ್ಲ, ಕೊಂಬೆ ಪಟ್ಟನೆ ಮುರಿಯುತ್ತದೆ. ಸಿಲ್ವರ್ ಓಕ್ ಕೂಡ ನಂಬಿಕೆಗೆ ಅರ್ಹವಲ್ಲ. ಮಳೆಮರ ಗಟ್ಟಿ, ಆದರೆ ಅದರ ಕೊಂಬೆ ರಸ್ತೆಯ ಆ ಬದಿಯವರೆಗೂ ಅಡ್ಡಕ್ಕೆ ಚಾಚಿರುತ್ತದೆ, ತುದಿಯಲ್ಲಿ ಭಾರ ಜಾಸ್ತಿ. ಹೆಜ್ಜೇನು ಇದ್ದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಹದ್ದಿನ ಗೂಡಿನಲ್ಲಿ ಮರಿ ಇದ್ದರೆ, ತುರ್ತಿಲ್ಲದ ಕೆಲಸ ಮುಂದಕ್ಕೆ ಹಾಕಿ. ಮರಕ್ಕೆ ಸುತ್ತಿರುವ ಟಿವಿ, ಇಂಟರ್‌ನೆಟ್ ಕೇಬಲ್‌ಗಳನ್ನು ಎಣಿಸಿಕೊಳ್ಳಿ. ಇಳಿಸುವ ಕೊಂಬೆ ಸಿಕ್ಕಿಹಾಕಿಕೊಳ್ಳೋದು ಯಾವಾಗಲೂ ಅಲ್ಲೇ.

ಬುಡ ಅಥವಾ ಕಾಂಡ ಟೊಳ್ಳು ಅನ್ನಿಸಿದರೆ ಹತ್ತಲೇಬೇಡಿ. ಅದು ಗಾಡಿಯ ಕೆಲಸ.

ಯಾವ ಗಾಡಿ, ಎಲ್ಲಿ ನಿಲ್ಲಿಸಬೇಕು

ದಿನನಿತ್ಯದ ಕೆಲಸಕ್ಕೆ ಒಂದು ಟಾಟಾ ಏಸ್ ಅಥವಾ ಬೊಲೆರೊ ಪಿಕಪ್ ಸಾಕು. ಅಡ್ಡರಸ್ತೆಗೆ ನುಗ್ಗುತ್ತದೆ, ಸೊಪ್ಪು ತುಂಬಲು ಸುಲಭ. ದೊಡ್ಡ ದಿಮ್ಮಿ ಎತ್ತಲು ಹೈಡ್ರಾ ಕ್ರೇನ್ ಬೇಕು. ಆದರೆ ಹೈಡ್ರಾದ ಕೊಕ್ಕೆಗಾಗಲಿ, ಜೆಸಿಬಿ ಬಕೆಟ್‌ಗಾಗಲಿ ಮನುಷ್ಯರನ್ನು ಏರಿಸಬಾರದು. ಅವು ಸಾಮಾನು ಎತ್ತೋಕೆ ಮಾಡಿದ ಗಾಡಿಗಳು. ಜನರಿಗೆ ಬುಟ್ಟಿ ಇರುವ ಬೂಮ್ ಲಿಫ್ಟ್ ಇದೆ.

ಬೂಮ್ ಲಿಫ್ಟ್‌ನ ಕಾಲುಗಳನ್ನು ಎಲ್ಲಿ ಊರುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನಮ್ಮ ಫುಟ್‌ಪಾತ್ ಎಷ್ಟೋ ಕಡೆ ಮೋರಿಯ ಮೇಲೆ ಹಾಸಿದ ಚಪ್ಪಡಿ, ಅಷ್ಟೇ. ಒಮ್ಮೆ ಬಾಡಿಗೆಗೆ ತಂದ ಲಿಫ್ಟ್‌ನ ಹಿಂದಿನ ಕಾಲನ್ನು ಚಪ್ಪಡಿಯ ಮೇಲೆ ಊರಿದ್ದರು. ನಾನು ಬುಟ್ಟಿಯಲ್ಲಿದ್ದೆ. ಟಕ್ ಅಂತ ಒಂದು ಸದ್ದು. ಚಪ್ಪಡಿ ನಡುವೆ ಸೀಳಿತು, ಬುಟ್ಟಿ ಒಂದಾಳುದ್ದ ಪಕ್ಕಕ್ಕೆ ಹೊರಳಿತು. ಬುಟ್ಟಿಗೆ ಹಾಕಿದ್ದ ಹಾರ್ನೆಸ್‌ನ (ಮೈಗೆ ಬಿಗಿಯುವ ಸುರಕ್ಷಾ ಪಟ್ಟಿಯ) ಕೊಕ್ಕೆ ನನ್ನನ್ನು ಒಳಗೇ ಹಿಡಿದಿಟ್ಟಿತು. ಅವತ್ತಿನಿಂದ ಕಾಲು ಊರುವ ಜಾಗವನ್ನು ಕಬ್ಬಿಣದ ಸಲಾಕೆಯಿಂದ ನಾನೇ ಕುಟ್ಟಿ ನೋಡುತ್ತೇನೆ. ಟಾರಿನ ಮೇಲೇ ಊರಿಸುತ್ತೇನೆ. ಪ್ರತಿ ಕಾಲಿನ ಅಡಿಗೂ ದಪ್ಪ ಹಲಗೆ. ಇದಕ್ಕೆ ಅರ್ಧ ರಸ್ತೆ ಮುಚ್ಚಬೇಕಾಗುತ್ತದೆ, ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಹಗ್ಗ ಮತ್ತು ಹಾರ್ನೆಸ್

ಎಸ್‌ಪಿ ರಸ್ತೆ ಸುತ್ತಮುತ್ತ ಸಿಗುವ ಕಟ್ಟಡ ಕೆಲಸದ ಹಾರ್ನೆಸ್‌ಗೆ ಬೆನ್ನ ಹಿಂದೆ ಒಂದು ಬಳೆ ಇರುತ್ತದೆ. ಅದು ಬಿದ್ದಾಗ ಹಿಡಿಯಲು. ಮರದಲ್ಲಿ ನಾವು ಹಗ್ಗಕ್ಕೆ ಭಾರ ಕೊಟ್ಟು ಕೂತು ಕೆಲಸ ಮಾಡಬೇಕು. ಅದಕ್ಕೆ ಹೊಟ್ಟೆಯ ಮುಂದೆ ಮತ್ತು ಸೊಂಟದ ಎರಡೂ ಬದಿಗೆ ಬಳೆ ಇರುವ, ತೊಡೆಗೆ ಪಟ್ಟಿ ಇರುವ ಹಾರ್ನೆಸ್ ಬೇಕು. ಬೆಲೆ ಜಾಸ್ತಿ, ಆದರೂ ಮೊದಲು ಕೊಳ್ಳಬೇಕಾದದ್ದು ಇದನ್ನೇ. ಹೆಲ್ಮೆಟ್‌ಗೆ ಗಲ್ಲದ ಪಟ್ಟಿ ಕಡ್ಡಾಯ. ಬೈಕ್ ಹೆಲ್ಮೆಟ್ ಹಾಕಿದರೆ ಮೇಲೆ ನೋಡಲೂ ಆಗುವುದಿಲ್ಲ, ಕೆಳಗಿನವರ ಮಾತು ಕೇಳುವುದೂ ಇಲ್ಲ.

ಹತ್ತುವ ಹಗ್ಗ 11ರಿಂದ 13 ಮಿಲಿಮೀಟರ್ ದಪ್ಪದ, ಜಾಸ್ತಿ ಹಿಗ್ಗದ ಹೆಣಿಗೆ ಹಗ್ಗ. ಅದರ ಲೇಬಲ್ಲಿನಲ್ಲಿ ಕಿಲೋನ್ಯೂಟನ್ ಲೆಕ್ಕ ಇರುತ್ತದೆ. 24ಕ್ಕಿಂತ ಕಮ್ಮಿ ಇದ್ದರೆ ಬೇಡ. ಅಂದರೆ ಸುಮಾರು ಎರಡೂವರೆ ಟನ್ ಎಳೆತಕ್ಕೆ ತುಂಡಾಗುವ ಹಗ್ಗ. ಅಷ್ಟೇಕೆ ಅಂತ ಕೇಳಬಹುದು. ಗಂಟು ಹಾಕಿದ ಕಡೆ ಹಗ್ಗದ ಶಕ್ತಿ ಕುಗ್ಗುತ್ತದೆ, ಜಗ್ಗು ಬಿದ್ದರೆ ಭಾರ ಹಲವು ಪಟ್ಟಾಗುತ್ತದೆ. ಕೊಂಬೆ ಇಳಿಸುವ ಹಗ್ಗ ಬೇರೆಯೇ ಇರಲಿ, ಬಣ್ಣವೂ ಬೇರೆ ಇರಲಿ. ದಿಮ್ಮಿ ಇಳಿಸಿದ ಹಗ್ಗದಲ್ಲಿ ಮನುಷ್ಯ ನೇತಾಡಬಾರದು.

ಹತ್ತುವ ಕ್ರಮ

ತೆಳು ದಾರದ ತುದಿಗೆ 300 ಗ್ರಾಂ ಆಸುಪಾಸಿನ ಮರಳಿನ ಚೀಲ ಕಟ್ಟಿ ಕೊಂಬೆಯ ಮೇಲಿಂದ ಎಸೆಯಿರಿ. ನಿಮ್ಮ ತೋಳಿನಷ್ಟಾದರೂ ದಪ್ಪ ಇರುವ ಜೀವಂತ ಕೊಂಬೆಯನ್ನು, ಕಾಂಡಕ್ಕೆ ಅಂಟಿದ ಕವಲಿನಲ್ಲೇ ಹಿಡಿಯಬೇಕು. ದಾರದ ಬೆನ್ನಿಗೆ ಹಗ್ಗ ಎಳೆದುಕೊಳ್ಳಿ. ಆಮೇಲೆ ಇಬ್ಬರು ಒಟ್ಟಿಗೆ ಜೋತುಬಿದ್ದು ಪರೀಕ್ಷಿಸಿ.

ಹಗ್ಗದ ಒಂದು ತುದಿ ಹಾರ್ನೆಸ್‌ನ ಮುಂದಿನ ಬಳೆಗೆ. ಕೊಂಬೆಯ ಮೇಲೆ ಹಾಯ್ದು ಇಳಿದ ಇನ್ನೊಂದು ಎಳೆಗೆ ಸಣ್ಣ ಹಗ್ಗದಿಂದ ಪ್ರೂಸಿಕ್ ಗಂಟು ಸುತ್ತಿ, ಅದನ್ನೂ ಅದೇ ಬಳೆಗೆ ಹಾಕಿ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟು ಇದು. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ತೆಗೆದು ಕೈಯಿಂದ ದೂಡಿದರೆ ಮೇಲೆ ಸರಿಯುತ್ತದೆ. ಅದು ಹಿಡಿಯುತ್ತಿದೆಯಾ ಅಂತ ನೆಲದಿಂದ ಎರಡಡಿ ಮೇಲೆಯೇ ಕೂತು ನೋಡಿ. ಕೆಳಗಿನ ತುದಿಗೆ ದಪ್ಪ ಗಂಟು ಹಾಕಿಡಿ, ಇಳಿಯುವಾಗ ಹಗ್ಗ ಮುಗಿದರೂ ಜಾರಿಹೋಗುವುದಿಲ್ಲ. ಸರ್ರನೆ ಇಳಿಯಬೇಡಿ, ಗಂಟು ಕಾದು ಕರಗುತ್ತದೆ.

ಕೊಯ್ಯುವ ಜಾಗಕ್ಕೆ ತಲುಪಿದ ಮೇಲೆ ಸೊಂಟದ ಬದಿಯ ಬಳೆಗಳಿಂದ ಕಾಂಡಕ್ಕೆ ಎರಡನೇ ಹಗ್ಗ ಬಳಸಿ ಕಟ್ಟಿ. ಗರಗಸ ಒಂದನ್ನು ಕೊಯ್ದರೂ ಇನ್ನೊಂದು ಇರಬೇಕು. ಕಾಲಿಗೆ ಮುಳ್ಳಿನ ಕಬ್ಬಿಣ ಕಟ್ಟಿ ಹತ್ತುವುದು ಪೂರ್ತಿ ಕಡಿಯುವ ಮರಕ್ಕೆ ಮಾತ್ರ. ಉಳಿಸುವ ಮರಕ್ಕೆ ಒಂದೊಂದು ಹೆಜ್ಜೆಯೂ ಒಂದೊಂದು ಗಾಯ.

ತೆಂಗಿನ ವಿದ್ಯೆ ಬೇರೆ. ಅಲ್ಲಿ ಹಗ್ಗ ಎಸೆಯಲು ಕೊಂಬೆಯೇ ಇಲ್ಲ. ಹತ್ತುವ ಯಂತ್ರ ಕಲಿಯಬೇಕಾದವರು ಹುಳಿಮಾವಿನಲ್ಲಿರುವ ತೆಂಗು ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ.

ಕೊಯ್ದು ಇಳಿಸುವುದು

ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಅದಕ್ಕೇ ಮೂರು ಕೊಯ್ತ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಅದರಿಂದ ಇನ್ನೂ ಸ್ವಲ್ಪ ಆಚೆ, ಮೇಲಿನಿಂದ ಪೂರ್ತಿ. ಕೊಂಬೆ ಹೋದ ಮೇಲೆ ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಈ ಮೂರನೇ ಕೊಯ್ತವೇ ಮುಖ್ಯ. ಕೊಂಬೆ ಹುಟ್ಟುವ ಕಡೆ ಕತ್ತುಪಟ್ಟಿಯ ಹಾಗೆ ಒಂದು ಉಬ್ಬು ಕಾಣುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ಆ ಉಬ್ಬನ್ನು ಮರಕ್ಕೇ ಬಿಟ್ಟು, ಅದರ ಹೊರಗೆ ಕೊಯ್ಯಬೇಕು. ಗಾಯ ಮುಚ್ಚುವ ಹೊಸ ತೊಗಟೆ ಬರುವುದೇ ಅಲ್ಲಿಂದ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದೂ ಇದನ್ನೇ. ಗಾಯಕ್ಕೆ ಬಣ್ಣ, ಟಾರು ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ ಅಂತಲೂ ಅವರು ತೋರಿಸಿದರು. ಹಾಗಾಗಿ ಟಾರಿನ ಡಬ್ಬ ಮನೆಯಲ್ಲೇ ಇರಲಿ. ತಲೆಯನ್ನು ಪೂರ್ತಿ ಬೋಳಿಸುವುದನ್ನೂ ಬಿಡಿ. ಆಮೇಲೆ ಚಿಗುರುವ ಕೊಂಬೆಗಳಿಗೆ ಹಿಡಿತ ಕಮ್ಮಿ, ಕೆಲವೇ ವರ್ಷಕ್ಕೆ ಅವೇ ಮುರಿದು ಬೀಳುತ್ತವೆ.

ಮಣಿಕಟ್ಟಿನಷ್ಟು ದಪ್ಪದವರೆಗೆ ಬಾಗಿದ ಕೈಗರಗಸವೇ ಸಾಕು, ಮರದ ಮೇಲೆ ಅದೇ ಕ್ಷೇಮ. ಪೆಟ್ರೋಲ್ ಗರಗಸದ ಮೆಷಿನ್ ಆದರೆ ಎರಡೂ ಕೈ ಅದರ ಮೇಲೆ, ಭುಜಕ್ಕಿಂತ ಮೇಲೆ ಎತ್ತಬಾರದು.

ಭಾರದ ಅಂದಾಜು ಕಲಿಯಿರಿ. ಒಂದಡಿ ದಪ್ಪ, ಮೂರಡಿ ಉದ್ದದ ಹಸಿ ತುಂಡು 50ರಿಂದ 70 ಕೆಜಿ ತೂಗುತ್ತದೆ. ಕೆಳಗೆ ಮನೆಯೋ ಕಾರೋ ಇದ್ದರೆ ಹಗ್ಗ ಕಟ್ಟಿಯೇ ಇಳಿಸಬೇಕು. ಹಗ್ಗ ಹಿಡಿದವನು ಅದನ್ನು ಬುಡದ ಸುತ್ತ ಎರಡು ಮೂರು ಸುತ್ತು ಹಾಕಿ ಬಿಡುತ್ತಾ ಬರಬೇಕು. ಕೈಗೆ ಸುತ್ತಿಕೊಂಡರೆ ಬೆರಳು ಹೋಗುತ್ತದೆ.

ನಮ್ಮಲ್ಲಿ ಮೇಲಿನವನು 'ಕೊಯ್ತೀನಿ' ಅಂತಾನೆ. ಕೆಳಗಿನವನು ಸುತ್ತ ನೋಡಿ 'ಕೊಯ್ಯಿ ಅಣ್ಣಾ' ಅಂದ ಮೇಲೇ ಗರಗಸ ಅಲ್ಲಾಡುತ್ತದೆ. ಉತ್ತರ ಬರದಿದ್ದರೆ ಕಾಯುತ್ತೇವೆ. ಹತ್ತಿ ಇಳಿಸಬಲ್ಲ ಇನ್ನೊಬ್ಬ ಕೆಳಗೆ ಇರಲೇಬೇಕು, ಅವನ ಹಾರ್ನೆಸ್ ಮೈಮೇಲೇ ಇರಬೇಕು. ಪ್ರಜ್ಞೆ ತಪ್ಪಿ ಹಗ್ಗದಲ್ಲಿ ನೇತಾಡುವವನಿಗೆ ಅಗ್ನಿಶಾಮಕದವರು ಬರುವವರೆಗೆ ಸಮಯವಿರುವುದಿಲ್ಲ.

ಕೆಲಸ ಮುಗಿದ ಮೇಲೆ ಹಗ್ಗವನ್ನು ಪೂರ್ತಿ ಬೆರಳ ನಡುವೆ ಎಳೆದು ನೋಡಿ. ಗಟ್ಟಿಯಾದ, ಮೆತ್ತಗಾದ, ಹೊಳೆಯುವ ಜಾಗ ಸಿಕ್ಕಿದರೆ ಆ ಹಗ್ಗ ಮುಗಿಯಿತು. ಗಾಡಿಯಲ್ಲಿ ಪೆಟ್ರೋಲ್ ಕ್ಯಾನ್, ಬ್ಯಾಟರಿ ಒಂದು ಕಡೆ, ಹಗ್ಗದ ಚೀಲ ಇನ್ನೊಂದು ಕಡೆ. ಆಸಿಡ್ ತಾಗಿದ ನೈಲಾನ್ ನೋಡಲು ಮಾಮೂಲಾಗೇ ಇದ್ದು ಒಳಗೆ ಸತ್ತಿರಬಹುದು. ಮುಗಿದ ಹಗ್ಗವನ್ನು ಹಾಗೇ ಮೂಲೆಗೆ ಎಸೆಯಬೇಡಿ, ಮಾರುದ್ದದ ತುಂಡುಗಳಾಗಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಯಾವತ್ತೋ ಅವಸರದಲ್ಲಿ ಒಬ್ಬ ಹುಡುಗ ಅದನ್ನೇ ಎತ್ತಿಕೊಂಡು ಮರ ಹತ್ತುತ್ತಾನೆ.