ವಿದೇಶ ತರಬೇತಿಯ ಫೈಲ್ ಕೊನೆಗೂ ಕೈಗೆ ಸಿಕ್ಕಿದ್ದು: ನನ್ನ ಅನುಭವ

"ಆ ಫೈಲ್ ಸಿಗಲ್ಲ, ಬಿಡಿ" ಎಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕುವ ಗೆಳೆಯರೆಲ್ಲ ಹೇಳಿದ್ದರು. ಸಿಕ್ಕಿತು. ಹೆಚ್ಚುಕಮ್ಮಿ ಎರಡು ವರ್ಷ ಹಿಡಿಯಿತು, ಅದರಲ್ಲಿ ಒಂದೂವರೆ ವರ್ಷ ನನ್ನ ದಡ್ಡತನಕ್ಕೇ ಹೋಯಿತು.

ಒಂದು ಇಲಾಖೆಯ ಆರು ಅಧಿಕಾರಿಗಳು ನಾಯಕತ್ವ ತರಬೇತಿಗೆಂದು ಹತ್ತು ದಿನ ಯುರೋಪಿಗೆ ಹೋಗಿಬಂದಿದ್ದರು. ಅದೇ ವರ್ಷ ಕೆಳಹಂತದ ನೌಕರರ ಕಂಪ್ಯೂಟರ್ ತರಬೇತಿಯನ್ನು "ಅನುದಾನದ ಕೊರತೆ" ಎಂದು ನಿಲ್ಲಿಸಿದ್ದರು. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ಮೊದಲ ಅರ್ಜಿ ಎರಡು ಪುಟ, ಹದಿನಾಲ್ಕು ಪ್ರಶ್ನೆ, ಅರ್ಧಕ್ಕರ್ಧ "ಏಕೆ" ಅನ್ನುವಂಥವು. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ ಅಂತ ಗೊತ್ತಿದ್ದೂ ಮೆರೆದಿದ್ದೆ. ಮಾಹಿತಿ ಕೊಡಲಾಗದು ಎಂದು ಒಂದು ಸಾಲಿನ ಹಿಂಬರಹ ಬಂತು. ಎರಡನೆಯದರಲ್ಲಿ ಹೋದವರ ಹೆಸರು ಕೇಳಿದೆ. "ಕಾಯ್ದೆಯ ಸೆಕ್ಷನ್ 8(1)(ಜೆ), ವೈಯಕ್ತಿಕ ಮಾಹಿತಿ, ನಿರಾಕರಿಸಿದೆ" ಎಂದು ಉತ್ತರ ಬಂತು. ಹಿರಿಯ ಅಧಿಕಾರಿಗಳ ಪ್ರವಾಸದ ವಿವರವನ್ನು ತಾವಾಗಿಯೇ ಪ್ರಕಟಿಸಿ ಎಂದು ಕೇಂದ್ರ 2012ರಲ್ಲೇ ಸುತ್ತೋಲೆ ಹೊರಡಿಸಿತ್ತಲ್ಲ, ಮೂರನೆಯದಕ್ಕೆ ಅದನ್ನು ಪಿನ್ ಮಾಡಿ ಕಳಿಸಿದೆ. "ನಮಗೆ ಅನ್ವಯಿಸುವುದಿಲ್ಲ" ಎಂದರು. ನಾಲ್ಕನೆಯದು, ಅರ್ಜಿಯನ್ನು ಬೇರೆ ಕಚೇರಿಗೆ ದಾಟಿಸುವ ಸೆಕ್ಷನ್ 6(3)ರಡಿ, ಇಲಾಖೆಯಿಂದ ನಿರ್ದೇಶನಾಲಯಕ್ಕೆ, ಅಲ್ಲಿಂದ ತರಬೇತಿ ಸಂಸ್ಥೆಗೆ, ತಿರುಗಿ ಇಲಾಖೆಗೇ ಬಂತು. ಆ ಅಧಿಕಾರಿಗಳಿಗಿಂತ ನನ್ನ ಅರ್ಜಿಯೇ ಜಾಸ್ತಿ ಊರು ಸುತ್ತಿತು. ಮಾಹಿತಿ ಆಯೋಗದ ಮುಂದಿನ ಎರಡನೇ ಮೇಲ್ಮನವಿಗೆ ಬೆಂಗಳೂರಿಗೆ ಎರಡು ಸಲ ಹೋದೆ. ಎರಡು ಸಲವೂ ಮುಂದೂಡಿದರು. ಬಸ್ಸು, ಊಟ, ಜೆರಾಕ್ಸ್ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಆಮೇಲೆ ಪ್ರವಾಸದ ಬಗ್ಗೆ ಕೇಳುವುದನ್ನೇ ಬಿಟ್ಟೆ. ಕಾಗದ ಕೇಳಿದೆ. ಒಂದೇ ದಿನ ಮೂರು ಪುಟ್ಟ ಅರ್ಜಿ, ಹತ್ತತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಒಂದರಲ್ಲಿ ತರಬೇತಿ ಲೆಕ್ಕಶೀರ್ಷಿಕೆಯಡಿ, ಅಂದರೆ ಬಜೆಟ್ಟಿನಲ್ಲಿ ತರಬೇತಿಗೆಂದು ಇಟ್ಟ ಬಾಬತ್ತಿನಡಿ, ಆ ವರ್ಷ ಆದ ಖರ್ಚಿನ ವಹಿ. ಇನ್ನೊಂದರಲ್ಲಿ ಪ್ರಯಾಣದ ಬಿಲ್ಲುಗಳು. ಹೆಸರು ಬೇಡ, ಹುದ್ದೆ ಸಾಕು, ಬೇಕಿದ್ದರೆ ಸೆಕ್ಷನ್ 10ರಂತೆ ಹೆಸರಿಗೆ ಮಸಿ ಬಳಿದು ಕೊಡಿ ಎಂದು ನಾನೇ ಬರೆದೆ. ಮೂರನೆಯದರಲ್ಲಿ, ವಾಪಸ್ ಬಂದಮೇಲೆ ಅವರು ಕೊಟ್ಟ ವರದಿಗಳು. ಬಿಲ್ಲಿನ ಅರ್ಜಿಯನ್ನು ಬೇರೆ ಕಚೇರಿಗೆ ದಾಟಿಸಲಾಗದಂತೆ ಒಂದು ಸಾಲು ಸೇರಿಸಿದ್ದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ, ಇನ್ನೂ ಬಳಸುತ್ತಿದ್ದೇನೆ.

28ನೇ ದಿನಕ್ಕೆ ಪತ್ರ ಬಂತು. ಮುನ್ನೂರು ಚಿಲ್ಲರೆ ಪುಟ, ಪುಟಕ್ಕೆ ಎರಡು ರೂಪಾಯಿ ಕಟ್ಟಿ ಎಂದಿತ್ತು. ಕಟ್ಟಲಿಲ್ಲ. ಮೊದಲು ಕಡತ ನೋಡುತ್ತೇನೆ ಎಂದು ಹೋದೆ. ಬೇಕಾಗಿದ್ದು ನಲವತ್ತೇ ಪುಟ, ಎಂಬತ್ತು ರೂಪಾಯಿಗೆ ಮುಗಿಯಿತು.

ಮಜಾ ಇದ್ದದ್ದು ಕಡತದ ಟಿಪ್ಪಣಿ ಹಾಳೆಯಲ್ಲಿ, ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಬರೆದು ಮೇಲಕ್ಕೆ ಕಳಿಸುವ ಹಾಳೆಯಲ್ಲಿ. ಲೆಕ್ಕಪತ್ರ ಶಾಖೆಯವರು ನೀಟಾಗಿ ಬರೆದಿದ್ದರು: ಈ ಶೀರ್ಷಿಕೆಯಲ್ಲಿ ಅನುದಾನ ಸಾಲದು, ರಾಜ್ಯದೊಳಗಿನ ತರಬೇತಿಯನ್ನು ಪರಿಗಣಿಸಬಹುದು. ಅದರ ಕೆಳಗೆ ಮೇಲಧಿಕಾರಿಯ ಹಸಿರು ಇಂಕಿನಲ್ಲಿ ಒಂದೇ ಪದ, "ಚರ್ಚಿಸಿ". ಮರುದಿನದ ತಾರೀಖಿನಲ್ಲಿ ಅದೇ ಶಾಖೆಯ ಅದೇ ಕೈಬರಹ: "ಚರ್ಚಿಸಿದಂತೆ ಅನುಮೋದನೆಗೆ ಸಲ್ಲಿಸಿದೆ." ಪಾಪ, ಆ ಗುಮಾಸ್ತರು! ಮೊಬೈಲ್ ತೆಗೆಯಬೇಡಿ ಎಂದರು, ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಒಟ್ಟು ಖರ್ಚು, ನೆನಪಿನಿಂದ ಹೇಳುತ್ತಿದ್ದೇನೆ, 26 ಲಕ್ಷದ ಆಸುಪಾಸು. ಅರ್ಧಕ್ಕೂ ಜಾಸ್ತಿ ಅಲ್ಲಿನ ಸಂಸ್ಥೆಯ ಶುಲ್ಕ. ಹತ್ತು ದಿನದಲ್ಲಿ ತರಗತಿ ನಡೆದದ್ದು ಐದು ದಿನ, ಉಳಿದದ್ದು "ಕ್ಷೇತ್ರ ಭೇಟಿ".

ಸುಮ್ನೆ ಒಂದು ಪ್ರಯೋಗ ಮಾಡಿದೆ. ಆರೂ ವರದಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಓದಿದೆ. ನಾಲ್ಕು ವರದಿಗಳ ಎರಡನೇ ಪುಟದಲ್ಲಿ, ಅದೇ ಸಾಲಿನಲ್ಲಿ, "ಪಾರದರ್ಶಕತೆ" ಹೋಗಿ "ಪಾರದಶ್ರಕತೆ" ಆಗಿತ್ತು. ಒಬ್ಬರು ಟೈಪ್ ಮಾಡಿಸಿದ್ದು, ನಾಲ್ವರು ರುಜು ಹಾಕಿದ್ದು. ಇನ್ನೊಂದು ಅರ್ಜಿ ಹಾಕಿ ಆ ಆರು ಜನ ಈಗ ಎಲ್ಲಿದ್ದಾರೆ ಎಂದು ಹುದ್ದೆ ಹಿಡಿದೇ ಕೇಳಿದೆ. ಇಬ್ಬರು ನಿವೃತ್ತರು, ಮೂವರು ಬೇರೆ ಇಲಾಖೆಗೆ ವರ್ಗ. ಕಲಿತು ಬಂದ ನಾಯಕತ್ವದ ಜೊತೆ ಇಲಾಖೆಯಲ್ಲಿ ಉಳಿದಿರುವುದು ಒಬ್ಬರೇ.

ಕಡತ ಮುಚ್ಚುವಾಗ ಕೊನೆಯ ಹಾಳೆ ಕಣ್ಣಿಗೆ ಬಿತ್ತು. "ಎರಡನೇ ತಂಡದ ಪ್ರಸ್ತಾವನೆ." ಅದಕ್ಕೂ ಮೂರು ಅರ್ಜಿ ಹೋಗಿವೆ. ಇವತ್ತಿಗೆ 19ನೇ ದಿನ.