ಚೀಟಿ ಎತ್ತುವ ಮೊದಲು

ಹನ್ನೊಂದು ವರ್ಷಗಳಿಂದ ನಾನು ಹೃದ್ರೋಗ ವಿಭಾಗದಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಸಂಯೋಜಕಿ. ಅದಕ್ಕೂ ಮೊದಲು ಅದೇ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಹೃದಯಾಘಾತವಾಗಿ ಬಂದವರಿಗೆ ಹೊಸ ಔಷಧದ ಅಧ್ಯಯನದ ವಿಷಯ ತಿಳಿಸುವುದು, ಒಪ್ಪಿದರೆ ಸೇರಿಸಿಕೊಳ್ಳುವುದು, ಆಮೇಲೆ ಅಧ್ಯಯನ ಮುಗಿಯುವವರೆಗೆ ಅವರ ಯೋಗಕ್ಷೇಮ ವಿಚಾರಿಸುತ್ತಿರುವುದು ನನ್ನ ಕೆಲಸ.

ಹೊಸತರಲ್ಲಿ ಒಬ್ಬ ಹೆಂಗಸಿಗೆ ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದೆ. ಎಲ್ಲದಕ್ಕೂ ತಲೆಯಾಡಿಸಿ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಕರೆದು, "ಸಿಸ್ಟರ್, ನಿನ್ನೆ ಹೇಳಿದಿರಲ್ಲ, ಆ ಪರೀಕ್ಷೆಯ ರಿಪೋರ್ಟ್ ಬಂತೇ?" ಎಂದು ಕೇಳಿದರು. ನನ್ನ ಎದೆ ಧಸಕ್ಕೆಂದಿತು. ಪತ್ರದ ತುಂಬ ಟ್ರಯಲ್‌ಗೆ "ಚಿಕಿತ್ಸಾ ಪರೀಕ್ಷೆ" ಎಂದೇ ಇತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಿಗೆ ಪರೀಕ್ಷೆ ಎಂದರೆ ರಕ್ತ, ಮೂತ್ರ, ಇಸಿಜಿ. ಇನ್ನೇನಿರಲು ಸಾಧ್ಯ? ಡಾಕ್ಟರಿಗೆ ತಿಳಿಸಿದೆ. ಇಬ್ಬರೂ ಕುಳಿತು ಮೊದಲಿನಿಂದ ವಿವರಿಸಿದೆವು. ಈ ಸಲ ಪೂರ್ತಿ ಕೇಳಿಸಿಕೊಂಡು, ಬೇಡ ಎಂದರು. ಅವರ ಹೆಸರನ್ನು ಕೈಬಿಟ್ಟೆವು.

ಅಂದಿನಿಂದ ನಾನು ಮಾತಿನ ಬೆನ್ನು ಹತ್ತಿದೆ. ಅಚ್ಚಾದ ಪತ್ರದಲ್ಲಿ ಒಂದು ಪದ ಬದಲಿಸಬೇಕಾದರೂ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುವ ಹೊಣೆ ಮಾತ್ರ ನನ್ನದೇ. ಯಾರಿಗೆ ಹೊಸ ಔಷಧ, ಯಾರಿಗೆ ಇಲ್ಲ ಎಂಬುದನ್ನು ಯಾರೂ ಆರಿಸದೆ ಆಕಸ್ಮಿಕಕ್ಕೆ ಬಿಡುತ್ತಾರೆ. ಅದಕ್ಕೆ ಪತ್ರದಲ್ಲಿದ್ದ "ಯಾದೃಚ್ಛಿಕ" ಎಂಬ ಪದವನ್ನು ಒಬ್ಬರೂ ಗುರುತಿಸಲಿಲ್ಲ. "ಲಾಟರಿ ಇದ್ದ ಹಾಗೆ" ಎಂದು ನೋಡಿದೆ. ರೋಗಿಯ ಮಗ ಸಿಟ್ಟಾದ: "ನಮ್ಮಪ್ಪನ ಜೀವವೆಂದರೆ ನಿಮಗೆ ಲಾಟರಿಯೇ?" ಅವನು ಸಿಟ್ಟಾದದ್ದು ಸರಿ. ಲಾಟರಿ ಎಂದ ಕೂಡಲೇ ಹೊಸ ಔಷಧ ಬಹುಮಾನವಾಗುತ್ತದೆ, ಅದು ಸಿಗದವರು ಸೋತವರಾಗುತ್ತಾರೆ.

ದಾರಿ ತೋರಿಸಿದವರು ಮಂಡ್ಯ ಕಡೆಯ ಒಬ್ಬ ಹಿರಿಯ ರೈತರು. ನಾನು ತಡವರಿಸುತ್ತಿದ್ದಾಗ, "ಅಣ್ಣತಮ್ಮಂದಿರು ಪಾಲಾಗುವಾಗ ಚೀಟಿ ಎತ್ತುವುದಿಲ್ಲವೇ ತಾಯಿ, ಹಾಗೆ ತಾನೆ?" ಎಂದರು. ಹೌದು, ಅದೇ! ಪಾಲುಗಳನ್ನು ತಿಳಿದಷ್ಟರ ಮಟ್ಟಿಗೆ ಸಮವಾಗಿ ಮಾಡಿದ ಮೇಲೆಯೇ ಚೀಟಿ ಬರೆಯುತ್ತಾರೆ. ಒಂದು ಪಾಲು ಮೇಲು ಎಂದು ಮೊದಲೇ ಗೊತ್ತಿದ್ದರೆ ಅಲ್ಲಿ ಚೀಟಿಗೆ ಜಾಗವಿಲ್ಲ, ಅದು ಮೋಸ. ಹೊಸ ಔಷಧ ಮೇಲೋ ಅಲ್ಲವೋ ವೈದ್ಯರಿಗೆ ನಿಜವಾಗಿಯೂ ಗೊತ್ತಿಲ್ಲದಿದ್ದಾಗ ಮಾತ್ರ ಟ್ರಯಲ್ ನಡೆಸಬಹುದು ಎಂಬ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

"ಡಾಕ್ಟರಿಗೇ ಗೊತ್ತಿಲ್ಲವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಕಾಸ್ಟ್ ಎಂಬ ಅಧ್ಯಯನದ ಕಥೆ ಹೇಳುತ್ತೇನೆ. ಹೃದಯಾಘಾತವಾದವರಲ್ಲಿ ಕೆಲವರಿಗೆ ನಡುನಡುವೆ ಹೆಚ್ಚುವರಿ ಬಡಿತಗಳು ಬರುತ್ತವೆ. ಅಂಥವರಿಗೆ ಸಾವಿನ ಅಪಾಯ ಹೆಚ್ಚು. ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆ ಕೊಟ್ಟರೆ ಆ ಬಡಿತಗಳು ಅಡಗುತ್ತಿದ್ದವು, ಇಸಿಜಿಯ ಗೆರೆ ಹಸನಾಗುತ್ತಿತ್ತು. ಬಡಿತ ಅಡಗಿದರೆ ಜೀವ ಉಳಿಯುತ್ತದೆಂದು ವೈದ್ಯರು ನಂಬಿ ಕೊಡುತ್ತಿದ್ದರು. ಕಾಸ್ಟ್‌ನಲ್ಲಿ ಹೋಲಿಸಿ ನೋಡಿದಾಗ, ಮಾತ್ರೆ ನುಂಗಿದ 755 ಜನರಲ್ಲಿ 63 ಮಂದಿ ಸತ್ತಿದ್ದರು. ಔಷಧವಿಲ್ಲದ, ನೋಡಲು ಹಾಗೆಯೇ ಇದ್ದ ಮಾತ್ರೆ ನುಂಗಿದ 743 ಜನರಲ್ಲಿ 26 ಮಂದಿ. 1989ರಲ್ಲಿ ಈ ಎರಡು ಔಷಧಗಳನ್ನು ಅಧ್ಯಯನದಿಂದ ತೆಗೆದರು. ಪ್ರತಿ ಸಲ ಈ ಅಂಕಿಗಳನ್ನು ಹೇಳುವಾಗಲೂ ನನ್ನ ದನಿ ಇಳಿಯುತ್ತದೆ. ಆ ಅಧ್ಯಯನ ನಡೆಯದೆ ಹೋಗಿದ್ದರೆ ನಾನೂ ವಾರ್ಡಿನಲ್ಲಿ ಅದೇ ಮಾತ್ರೆಗಳನ್ನು ನನ್ನ ಕೈಯಾರೆ ಹಂಚುತ್ತಿದ್ದೆನೇನೋ.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಹೃದಯಾಘಾತದ ಶಂಕೆ ಬಂದ ಕೂಡಲೇ ಆಸ್ಪಿರಿನ್ ಅಗಿಯಲು ಕೊಡುತ್ತೇವಲ್ಲ, ಅದರ ಹಿಂದೆ 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನವಿದೆ. 417 ಆಸ್ಪತ್ರೆಗಳ 17,187 ರೋಗಿಗಳು ಅದರಲ್ಲಿದ್ದರು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸಾಯುವವರ ಪ್ರಮಾಣ ಆಸ್ಪಿರಿನ್‌ನಿಂದ ಶೇ. 11.8ರಿಂದ 9.4ಕ್ಕೆ ಇಳಿಯಿತು.

ಎದೆನೋವಿನಲ್ಲಿ ನರಳುತ್ತಿರುವವರ ಹತ್ತಿರ ನಾನು ಕಾಗದ ಹಿಡಿದು ಹೋಗುವುದಿಲ್ಲ. ನಮ್ಮ ಈಗಿನ ಅಧ್ಯಯನಕ್ಕೆ ಆ ಅವಸರವೂ ಇಲ್ಲ. ರಕ್ತನಾಳ ತೆರೆಯುವ ಚಿಕಿತ್ಸೆ ಮುಗಿದು, ರೋಗಿ ವಾರ್ಡಿಗೆ ಬಂದು, ಒಂದು ರಾತ್ರಿ ನಿದ್ದೆ ಮಾಡಿರಬೇಕು. ಮೊದಲ ಮಾತು, "ಬೇಡ ಎನ್ನಬಹುದು. ಬೇಡವೆಂದರೂ ಈಗಿನ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಕಡಿಮೆಯಾಗುವುದಿಲ್ಲ." ಎಲ್ಲ ಹೇಳಿದ ಮೇಲೆ, "ಊರಿಗೆ ಹೋಗಿ ನಿಮ್ಮ ಅಕ್ಕನಿಗೆ ಇದನ್ನು ಹೇಗೆ ಹೇಳುತ್ತೀರಿ?" ಎಂದು ಕೇಳುತ್ತೇನೆ. ಅವರ ಬಾಯಲ್ಲಿ ಅದು ಸರಿಯಾಗಿ ಬರುವವರೆಗೆ ಪೆನ್ನು ಕೊಡುವುದಿಲ್ಲ. ನನಗೆ ಹೆಚ್ಚು ಭಯ "ಡಾಕ್ಟರು ದೇವರಿದ್ದ ಹಾಗೆ, ಎಲ್ಲಿ ಬೇಕಾದರೂ ಒತ್ತುತ್ತೇನೆ" ಎನ್ನುವವರ ಬಗ್ಗೆ. ಅವರಿಗೆ ಇನ್ನೊಂದು ದಿನ ಬಿಟ್ಟು ಬರುತ್ತೇನೆಂದು ಹೇಳಿ ಎದ್ದುಬಿಡುತ್ತೇನೆ.

ಆ ರೈತರಿಗೆ ಓದು ಬರುತ್ತಿರಲಿಲ್ಲ. ಅಧ್ಯಯನಕ್ಕೆ ಸಂಬಂಧಪಡದ ಒಬ್ಬರನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಪತ್ರವನ್ನು ಓದಿದೆ. ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿದರೆ ಬರೀ ನೀಲಿ ಮಚ್ಚೆ. ಕಬ್ಬಿನ ಗದ್ದೆಯಲ್ಲಿ ದುಡಿದು ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಒದ್ದೆ ಹತ್ತಿಯಿಂದ ಒರೆಸಿ, ಶಾಯಿ ತೆಳ್ಳಗೆ ಸವರಿ ಮೂರನೆಯ ಸಲ ಒತ್ತಿದಾಗ ಅಂಚಿನಲ್ಲಿ ನಾಲ್ಕು ಗೆರೆ ಮೂಡಿದವು.

ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. "ನನಗೆ ಯಾವ ಚೀಟಿ ಬಂತು ತಾಯಿ?" ಎಂದು ಪ್ರತಿ ಸಲ ಕೇಳುತ್ತಾರೆ. "ನನಗೂ ಗೊತ್ತಿಲ್ಲ ಯಜಮಾನರೇ, ಡಾಕ್ಟರಿಗೂ ಗೊತ್ತಿಲ್ಲ" ಎಂದು ಪ್ರತಿ ಸಲ ಹೇಳುತ್ತೇನೆ. ಅಧ್ಯಯನ ಮುಗಿಯುವವರೆಗೆ ಅದು ನಮ್ಮಿಂದಲೂ ಗುಟ್ಟು. ಕಳೆದ ಸಲ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದಾಗ ಎರಡು ಹೆಚ್ಚಿಗೆ ಉಳಿದಿದ್ದವು. "ಮೊಮ್ಮಗಳ ಮದುವೆ ಇತ್ತು, ಎರಡು ದಿನ ಮರೆತೆ. ಸುಳ್ಳು ಬರೆದುಕೊಳ್ಳಬೇಡಿ" ಎಂದರು. ಎರಡು ಎಂದೇ ಬರೆದುಕೊಂಡೆ.