ಆಯಿಲ್ ಚೇಂಜ್ ಮನೆಯಲ್ಲೇ: ದುಡ್ಡು ಉಳಿಯಬೇಕಾದರೆ ಬೋಲ್ಟ್ ಉಳಿಯಬೇಕು

ಕಾರಿನ ಎಂಜಿನ್ ಆಯಿಲ್ ಬದಲಿಸುವುದು ಬ್ರಹ್ಮವಿದ್ಯೆಯೇನಲ್ಲ. ಎಂಜಿನ್ನಿನ ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸದನ್ನು ಸುರಿದರೆ ಮುಗಿಯಿತು. ಆದರೂ ಯೂಟ್ಯೂಬ್ ನೋಡಿ ಕೈಹಾಕಿದವರಲ್ಲಿ ಕೆಲವರು ಕೊನೆಗೆ ಟೋಯಿಂಗ್ ಗಾಡಿ ಕರೆಸುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಮೂರೇ ಜಾಗದಲ್ಲಿ: ತಪ್ಪು ಬೋಲ್ಟ್ ಬಿಚ್ಚುವುದು, ಸರಿಯಾದ ಬೋಲ್ಟನ್ನು ಮಿತಿಮೀರಿ ಬಿಗಿಯುವುದು, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಅಂಟಿಕೊಂಡಿರುವಾಗಲೇ ಹೊಸ ಫಿಲ್ಟರ್ ಕೂರಿಸುವುದು. ಈ ಮೂರನ್ನು ತಪ್ಪಿಸಿದರೆ ಮಿಕ್ಕಿದ್ದು ಒಂದು ಗಂಟೆಯ ಕೆಲಸ.

ಮೊದಲು ಲೆಕ್ಕ. ಕಳೆದ ಸಲದ ಸರ್ವಿಸ್ ಬಿಲ್ ತೆಗೆದು ಆಯಿಲ್, ಫಿಲ್ಟರ್, ವಾಷರ್ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಕೂಡಿಸಿ. ಲೇಬರ್, ಕನ್ಸ್ಯೂಮಬಲ್ಸ್, ಎಂಜಿನ್ ಫ್ಲಷ್, ಎಂಜಿನ್ ಡ್ರೆಸ್ಸಿಂಗ್, ಎಸಿಗೆ ಹೊಡೆದ ಸುವಾಸನೆಯ ಸ್ಪ್ರೇ, ಅವುಗಳ ಮೇಲಿನ ಜಿಎಸ್‌ಟಿ ಎಲ್ಲ ಸೇರಿ ಎಷ್ಟಾಗುತ್ತದೋ ನಿಮ್ಮ ಉಳಿತಾಯ ಹೆಚ್ಚುಕಡಿಮೆ ಅಷ್ಟೇ. ಆಯಿಲಿನ ಗುಣಮಟ್ಟ ಇಳಿಸಿ ಉಳಿಸಲು ಹೋಗಬೇಡಿ. ಇನ್ನೊಂದು ಮಾತು: ನೀವೇ ತಂದುಕೊಟ್ಟ ಆಯಿಲ್ ಮತ್ತು ಫಿಲ್ಟರನ್ನು ನಿಮ್ಮ ಕಣ್ಣೆದುರೇ ಹಾಕಿ, ಇನ್ನೂರು ಮುನ್ನೂರು ರೂಪಾಯಿ ಕೂಲಿ ಕೇಳುವ ಮೆಕ್ಯಾನಿಕ್ ನಿಮ್ಮ ಬೀದಿಯಲ್ಲಿದ್ದರೆ ಅವರಿಂದಲೇ ಮಾಡಿಸಿ. ರ್‍ಯಾಂಪ್, ಸಾಕೆಟ್, ಫಿಲ್ಟರ್ ಬಿಚ್ಚುವ ಕಪ್ ಪಾನಾ ಕೊಂಡ ದುಡ್ಡು ವಾಪಸ್ ಬರಲು ಮೂರು ನಾಲ್ಕು ವರ್ಷ ಬೇಕಾದೀತು. ಮನೆಯಲ್ಲಿ ಎರಡು ಕಾರಿದ್ದರೆ ಮಾತು ಬೇರೆ.

ವಾರಂಟಿ ಇರುವ ಕಾರಿಗೆ ಕೈಹಾಕಬೇಡಿ. ಫ್ರೀ ಸರ್ವಿಸಿನಲ್ಲಿ ಲೇಬರ್ ಹೇಗೂ ಬಿಟ್ಟಿ, ಮುಂದೆ ಎಂಜಿನ್ ಕ್ಲೇಮ್ ಬಂದರೆ ಕಂಪನಿಯವರು ಮೊದಲು ಕೇಳುವುದೇ ಸರ್ವಿಸ್ ರೆಕಾರ್ಡ್.

ಏನೇನು ಬೇಕು

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಕಾಣುವ ಮಾರುತಿಯ ಕೆ ಸರಣಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಫಿಲ್ಟರ್ ಸೇರಿ ಇದಕ್ಕೆ 3 ಲೀಟರ್‌ಗಿಂತ ತುಸು ಹೆಚ್ಚು ಆಯಿಲ್ ಹಿಡಿಯುತ್ತದೆ. ಅದಕ್ಕೆಂದೇ 3.5 ಲೀಟರಿನ ಕ್ಯಾನ್ ಸಿಗುತ್ತದೆ, ಮಿಕ್ಕಿದ್ದು ಟಾಪ್‌ಅಪ್‌ಗೆ ಆಗುತ್ತದೆ. ನಿಮ್ಮ ಕಾರಿನ ನಿಖರ ಅಳತೆ ಮತ್ತು ಗ್ರೇಡ್ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಅಂಗಡಿಯವರ ಮಾತಿಗಿಂತ ಅದನ್ನು ನಂಬಿ.

ಈಚಿನ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಗ್ರೇಡಿನ ತೆಳು ಆಯಿಲ್ ಹೇಳಿರುತ್ತಾರೆ. ‘ನಮ್ಮ ಕಡೆ ಬಿಸಿಲು ಜಾಸ್ತಿ, ಗಟ್ಟಿ ಆಯಿಲ್ ಹಾಕಿ’ ಎಂದು 20ಡಬ್ಲ್ಯು-50 ಕೈಗಿಡುವವರು ಇನ್ನೂ ಇದ್ದಾರೆ. ಹೊರಗೆ ರಾಯಚೂರಿನ ಮೇ ತಿಂಗಳ ಬಿಸಿಲಿರಲಿ, ಮಡಿಕೇರಿಯ ಚಳಿಯಿರಲಿ, ಥರ್ಮೋಸ್ಟಾಟ್ ಎಂಜಿನ್ ತಂಪಾಗಿಸುವ ಕೂಲಂಟನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇಡುತ್ತದೆ. ತೆಳು ಆಯಿಲಿಗೆಂದು ಮಾಡಿದ ಸಂದುಗಳಿಗೆ ಗಟ್ಟಿ ಆಯಿಲ್ ಬೆಳಗಿನ ಸ್ಟಾರ್ಟಿನಲ್ಲಿ ಬೇಗ ತಲುಪುವುದಿಲ್ಲ, ಮೈಲೇಜೂ ಇಳಿಯುತ್ತದೆ. ಬೈಕಿನ ಆಯಿಲ್ ಮಿಕ್ಕಿದೆ ಎಂದು ಕಾರಿಗೆ ಸುರಿಯುವುದೂ ಬೇಡ. ಅದು ಕ್ಲಚ್ ಸಮೇತ ಆಯಿಲಿನಲ್ಲಿ ಮುಳುಗಿರುವ ಎಂಜಿನ್ನಿಗೆ ಮಾಡಿದ್ದು.

ಫಿಲ್ಟರ್ ಒರಿಜಿನಲ್ಲೇ ಇರಲಿ. ಸಣ್ಣ ಮಾರುತಿ ಕಾರಿನದು 200 ರೂಪಾಯಿಯ ಒಳಗೇ ಸಿಗುವಾಗ ಅಗ್ಗದ್ದು ಹುಡುಕುವುದರಲ್ಲಿ ಅರ್ಥವಿಲ್ಲ. ಕೊಳ್ಳುವ ಮುಂಚೆ ಸುತ್ತಲಿನ ಸಣ್ಣ ತೂತುಗಳೊಳಗೆ ಟಾರ್ಚ್ ಹಾಕಿ ನೋಡಿ, ರಬ್ಬರಿನ ಪದರ ಕಾಣಬೇಕು. ಎಂಜಿನ್ ಆಫ್ ಆದ ಮೇಲೆ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ಅದು. ನಕಲಿ ಫಿಲ್ಟರುಗಳಲ್ಲಿ ಅದು ಇರುವುದಿಲ್ಲ, ಇದ್ದರೂ ಪ್ಲಾಸ್ಟಿಕ್ಕಿನಂತೆ ಬಿರುಸಾಗಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬರಲು ಇದೂ ಒಂದು ಕಾರಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಅಸಲಿಯೂ ನಕಲಿಯೂ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಉಳಿದಂತೆ ಡ್ರೈನ್ ಬೋಲ್ಟಿನ ಹೊಸ ವಾಷರ್, ಬೋಲ್ಟಿಗೆ ಹೊಂದುವ ಆರು ಮೂಲೆಯ ಸಾಕೆಟ್, ಕಪ್ಪಿನಾಕಾರದ ಫಿಲ್ಟರ್ ಪಾನಾ, 5 ಲೀಟರ್ ಹಿಡಿಯುವ ಅಗಲ ಟ್ರೇ, ಆಲಿಕೆ, ನೈಟ್ರೈಲ್ ಕೈಗವಸು, ಹಳೇ ಬನಿಯನ್ ಬಟ್ಟೆ. ಸ್ಕ್ರೂ ತಿರುಗಿಸಿ ಅಳತೆ ಹೊಂದಿಸುವ ಅಡ್ಜಸ್ಟಬಲ್ ಪಾನಾ ಮನೆಯಲ್ಲೇ ಇರಲಿ, ಬೋಲ್ಟಿನ ತಲೆ ಸವೆಸುವುದು ಅದೇ.

ಕಾರು ಎತ್ತುವುದು

ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. ಎತ್ತದೆ ಕೆಳಗೆ ನುಸುಳಲಾಗದು. ಡಿಕ್ಕಿಯಲ್ಲಿರುವ ಜಾಕಿ ಇರುವುದು ಸ್ಟೆಪ್ನಿ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಅರ್ಧ ನಿಮಿಷಕ್ಕೂ ಬೇಡ. ಸೈಜುಗಲ್ಲು, ಹಾಲೋ ಬ್ಲಾಕ್ ಪೇರಿಸುವುದಂತೂ ಬೇಡವೇ ಬೇಡ. ಹಾಲೋ ಬ್ಲಾಕ್ ಸೂಚನೆ ಕೊಡದೆ ಪುಡಿಯಾಗುತ್ತದೆ. ಮುಂದಿನ ಎರಡು ಚಕ್ರ ಹತ್ತಿಸುವ ಉಕ್ಕಿನ ರ್‍ಯಾಂಪ್ ಜೋಡಿ ತನ್ನಿ. ಇಲ್ಲವೇ ಟ್ರಾಲಿ ಜಾಕಿಯಲ್ಲಿ ಎತ್ತಿ, ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದಲ್ಲಿ ಎರಡು ಸ್ಟ್ಯಾಂಡ್ ಕೊಡಿ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಕಾರನ್ನು ಒಮ್ಮೆ ಚೆನ್ನಾಗಿ ಅಲುಗಾಡಿಸಿ ನೋಡಿ. ಆಮೇಲೆ ಕೆಳಗೆ ಹೋಗಿ.

ಎತ್ತುವ ಮುನ್ನ ಎಂಜಿನ್ 5 ನಿಮಿಷ ಓಡಿ, 10 ನಿಮಿಷ ಆರಿರಬೇಕು. ಉಗುರುಬೆಚ್ಚಗಿನ ಆಯಿಲ್ ಸರಾಗವಾಗಿ ಇಳಿಯುತ್ತದೆ. ಹೈವೇಯಿಂದ ಈಗಷ್ಟೇ ಬಂದ ಕಾರಿನದು ಕೈ ಸುಡುತ್ತದೆ.

ಡ್ರೈನ್ ಬೋಲ್ಟ್: ಆತುರ ಬೇಡ

ಬಿಚ್ಚುವ ಮುನ್ನ ಅದೇ ಬೋಲ್ಟ್ ಹೌದೋ ಎಂದು ಖಾತ್ರಿ ಮಾಡಿಕೊಳ್ಳಿ. ಮುಂದಿನ ಚಕ್ರದಿಂದ ಓಡುವ ಕಾರುಗಳಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಅಕ್ಕಪಕ್ಕದಲ್ಲೇ ಇರುತ್ತವೆ, ಎರಡಕ್ಕೂ ಡ್ರೈನ್ ಬೋಲ್ಟ್ ಇದೆ. ಬೆಲ್ಟ್ ಮತ್ತು ಪುಲ್ಲಿ ಇರುವ ಕಡೆಯದು ಎಂಜಿನ್, ಚಕ್ರಕ್ಕೆ ಹೋಗುವ ಶಾಫ್ಟುಗಳು ಹೊರಡುವುದು ಗೇರ್‌ಬಾಕ್ಸಿನಿಂದ. ಡಿಪ್‌ಸ್ಟಿಕ್ ಎಂಬ ಮಟ್ಟ ಅಳೆಯುವ ಕಡ್ಡಿ ಇಳಿಯುವ, ಆಯಿಲ್ ನಿಲ್ಲುವ ಚೇಂಬರ್ ಯಾವುದು ಎಂದು ಮೇಲಿನಿಂದ ಕಣ್ಣಾಡಿಸಿದರೆ ಗೊಂದಲ ಇರುವುದಿಲ್ಲ. ತಪ್ಪಿ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿದವರಿಗೆ ಎರಡು ಹೊಡೆತ ಬೀಳುತ್ತದೆ. ಗೇರ್ ಆಯಿಲ್ ಪೂರ್ತಿ ಖಾಲಿ, ಹಳೇ ಎಂಜಿನ್ ಆಯಿಲ್ ಹಾಗೇ ಇರುವಾಗ ಮೇಲೆ ಇನ್ನೂ 3 ಲೀಟರ್ ಸೇರ್ಪಡೆ. ಇಳಿಯುತ್ತಿರುವುದು ಕಪ್ಪಗಿಲ್ಲದೆ, ಜೇನಿನಂತೆ ಮಂದವಾಗಿ, ಗಂಧಕದ ವಾಸನೆ ಬಂದರೆ ತಕ್ಷಣ ಬೋಲ್ಟ್ ವಾಪಸ್ ಹಾಕಿ.

ಮೇಲೆ ಆಯಿಲ್ ಮುಚ್ಚಳ ತೆಗೆದಿಡಿ, ಗಾಳಿ ಆಡಿದರೆ ಬೇಗ ಇಳಿಯುತ್ತದೆ. ಈಗ ದಿಕ್ಕು. ಬೋಲ್ಟಿನ ತಲೆಗೆ ಎದುರಾಗಿ ನೋಡಿದಾಗ ಎಡಕ್ಕೆ ತಿರುಗಿಸಿದರೆ ಸಡಿಲ. ಬೋಲ್ಟಿನ ತಲೆ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ, ನೀವು ಮುಂದಿನಿಂದ ಕೈ ತೂರಿಸಿರುತ್ತೀರಿ. ಎಡ ಬಲ ಅದಲುಬದಲಾಗುವುದು ಇಲ್ಲೇ. ಸಡಿಲವಾಗುತ್ತಿಲ್ಲ ಎಂದು ಇನ್ನಷ್ಟು ಬಲ ಹಾಕುತ್ತಾರೆ, ನಿಜಕ್ಕೂ ಬಿಗಿ ಮಾಡುತ್ತಿರುತ್ತಾರೆ, ಥ್ರೆಡ್ (ಬೋಲ್ಟಿನ ಸುರುಳಿ ಗೀರು) ಹೋಗುತ್ತದೆ. ಅನುಮಾನವಿದ್ದರೆ ಮಲಗಿದ ಜಾಗ ಬದಲಿಸಿ ಬೋಲ್ಟಿನ ತಲೆಯನ್ನು ನೇರವಾಗಿ ನೋಡಿ.

ಸಾಕೆಟ್ ಪೂರ್ತಿ ಒಳಗೆ ಕೂರಬೇಕು, ಓರೆಯಾಗಬಾರದು. ಪಾನಾವನ್ನು ತಳ್ಳುವ ಬದಲು ನಿಮ್ಮ ಕಡೆಗೆ ಎಳೆಯಿರಿ, ಜಾರಿದರೂ ಗೆಣ್ಣು ಜಜ್ಜುವುದಿಲ್ಲ. ಒಮ್ಮೆ ‘ಟಕ್’ ಎಂದು ಸಡಿಲವಾದ ಮೇಲೆ ಪಾನಾ ಬದಿಗಿಟ್ಟು ಬೆರಳಲ್ಲೇ ಬಿಚ್ಚಿ. ಬಿಚ್ಚುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಬೇಕು. ಥ್ರೆಡ್ ಮುಗಿದದ್ದು ಬೆರಳಿಗೆ ಗೊತ್ತಾದಾಗ ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದು ಗೇಣು ಆಚೆ ಚಿಮ್ಮುತ್ತದೆ, ಕಡಿಮೆಯಾದಂತೆ ಈಚೆಗೆ ಸರಿಯುತ್ತದೆ. ಟ್ರೇ ಅಗಲವಿರಲಿ ಎಂದದ್ದು ಇದಕ್ಕೇ.

ಹನಿ ಹನಿಯಾಗುವವರೆಗೆ 15 ನಿಮಿಷ ಬಿಡಿ. ಇಳಿದ ಮೇಲೆ ‘ಒಳಗೆ ತೊಳೆಯೋಣ’ ಎಂದು ಡೀಸೆಲ್ ಅಥವಾ ಸೀಮೆಎಣ್ಣೆ ಸುರಿಯುವ ಹಳೇ ಗ್ಯಾರೇಜ್ ಪದ್ಧತಿ ಬೇಡ. ಅದು ಪೂರ್ತಿ ಹೊರಗೆ ಬರುವುದಿಲ್ಲ, ಒಳಗೆ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಬಾಟಲಿಯಲ್ಲಿ ಬರುವ ಫ್ಲಷ್ ಕೂಡ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುವವರಿಗೆ ದಂಡದ ಖರ್ಚು.

ವಾಪಸ್ ಹಾಕುವುದು ಇನ್ನೂ ನಾಜೂಕು. ಬೋಲ್ಟಿನ ಥ್ರೆಡ್ ಒರೆಸಿ, ಹಳೇ ವಾಷರ್ ಬೋಲ್ಟಿಗೋ ಚೇಂಬರಿಗೋ ಅಂಟಿದ್ದರೆ ಕಿತ್ತು, ಹೊಸದು ಹಾಕಿ. ವಾಷರ್ ಮೆತ್ತನೆಯ ಲೋಹದ್ದು. ಒಮ್ಮೆ ಅಪ್ಪಚ್ಚಿಯಾಗಿಯೇ ಸೀಲ್ ಆಗುತ್ತದೆ, ಎರಡನೇ ಸಲಕ್ಕೆ ಅದರಲ್ಲಿ ಜೀವವಿರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಈ ವಾಷರ್ ಉಳಿಸಿ, ತೊಟ್ಟಿಕ್ಕುತ್ತಿದೆ ಎಂದು ಬೋಲ್ಟನ್ನು ಮತ್ತೆ ಮತ್ತೆ ಬಿಗಿದೇ ಥ್ರೆಡ್ ಕಳೆಯುತ್ತಾರೆ. ಬೋಲ್ಟನ್ನು ಕೈಯಲ್ಲಿ ಹಿಡಿದು ಮೊದಲು ಎಡಕ್ಕೆ ಒಂದು ಸುತ್ತು ತಿರುಗಿಸಿ. ಥ್ರೆಡ್ಡಿನ ತುದಿ ಹೊಂದಿದಾಗ ಸಣ್ಣಗೆ ‘ಟಿಕ್’ ಎಂದು ಇಳಿದದ್ದು ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ. ಕೊನೆಯವರೆಗೂ ಬೆರಳಲ್ಲೇ ಹೋಗಬೇಕು. ಎರಡು ಸುತ್ತಿಗೇ ಗಟ್ಟಿಯಾದರೆ ಅಡ್ಡ ಹತ್ತಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಹಾಕಿ. ಪಾನಾ ಹಾಕಿ ಒಳಗೆ ತಳ್ಳಬೇಡಿ.

ಕೊನೆಯ ಬಿಗಿ ಎಷ್ಟು? ಇಂಥ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಸುಮಾರು 35 ನ್ಯೂಟನ್ ಮೀಟರ್, ಎಂದರೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯನ್ನು 18 ಕಿಲೋದಷ್ಟು ಬಲದಲ್ಲಿ ಎಳೆದ ಹಾಗೆ. ಬಿಗಿಯ ಅಳತೆ ತೋರಿಸುವ ಟಾರ್ಕ್ ಪಾನಾ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವಾಷರ್ ಕೂತ ಮೇಲೆ ಪಾನಾದ ನಡುವೆ ಹಿಡಿದು ಮಣಿಕಟ್ಟಿನ ಬಲದಲ್ಲಿ ಒಂದು ಬಿಗಿ, ಸಾಕು. ಭುಜದ ಬಲ ಬೇಡ, ಪಾನಾಕ್ಕೆ ಪೈಪ್ ಸೇರಿಸುವುದಂತೂ ಬೇಡ. ಚೇಂಬರ್ ಅಲ್ಯೂಮಿನಿಯಂನದಾದರೆ ಉಕ್ಕಿನ ಬೋಲ್ಟ್ ಅದರ ಥ್ರೆಡ್ಡನ್ನು ಬೆಣ್ಣೆಯ ಹಾಗೆ ಕೊಯ್ದುಬಿಡುತ್ತದೆ. ಹೊಸ ಚೇಂಬರ್ ಹಾಕಿಸುವ ಖರ್ಚಿನಲ್ಲಿ ಹಲವು ವರ್ಷದ ಉಳಿತಾಯ ಹೋಯಿತು. ಹೋದ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ತೇಪೆ ಹಾಕುವವರಿದ್ದಾರೆ. ಹೈವೇ ಮಧ್ಯೆ ಬೋಲ್ಟ್ ಉದುರಿದರೆ ಆಯಿಲ್ ಲೈಟ್ ಕಾಣುವಷ್ಟರಲ್ಲಿ ಬೇರಿಂಗ್ ಕಥೆ ಮುಗಿದಿರುತ್ತದೆ.

ಫಿಲ್ಟರ್

ಕಪ್ ಪಾನಾದಿಂದ ಸಡಿಲಿಸಿ, ಕೈಯಲ್ಲಿ ಬಿಚ್ಚಿ. ಒಂದು ಲೋಟ ಆಯಿಲ್ ಸುರಿಯುತ್ತದೆ, ಟ್ರೇ ಅಡಿಯಲ್ಲಿರಲಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯದಲ್ಲಿ ತಗಡು ಹರಿದು ಬುಡ ಅಲ್ಲೇ ಉಳಿಯುವ ಸಂಭವವೇ ಹೆಚ್ಚು.

ಬಿಚ್ಚಿದ ಫಿಲ್ಟರನ್ನು ತಿರುಗಿಸಿ ಬಾಯಿ ನೋಡಿ. ಕಪ್ಪು ರಬ್ಬರ್ ರಿಂಗ್ ಅದರಲ್ಲೇ ಇದೆಯೇ? ಇಲ್ಲದಿದ್ದರೆ ಅದು ಎಂಜಿನ್ನಿಗೆ ಅಂಟಿದೆ. ಎಣ್ಣೆ ಮೆತ್ತಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿಯೇ ಹುಡುಕಬೇಕು. ಹಳೇ ರಿಂಗಿನ ಮೇಲೆ ಹೊಸ ರಿಂಗ್ ಕೂತರೆ ಮನೆ ಮುಂದೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ರಸ್ತೆಯಲ್ಲಿ ಎಂಜಿನ್ ಜೋರಾಗಿ ತಿರುಗಿ ಆಯಿಲ್ ಒತ್ತಡ ಏರಿದಾಗ ರಿಂಗ್ ಆಚೆ ಜಾರಿ, ನಿಮಿಷಗಳಲ್ಲಿ ಆಯಿಲೆಲ್ಲ ಖಾಲಿ.

ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅದೂ ಕೈಯಲ್ಲೇ. ಪಾನಾ ಇರುವುದು ಬಿಚ್ಚುವುದಕ್ಕೆ.

ತುಂಬುವುದು

ಎಂಜಿನ್ ಸ್ಟಾರ್ಟ್ ಮಾಡದೆಯೇ ಕಾರನ್ನು ಸಮತಟ್ಟು ಜಾಗಕ್ಕೆ ಇಳಿಸಿ ಎರಡೂವರೆ ಲೀಟರ್ ಸುರಿಯಿರಿ, ಡಿಪ್‌ಸ್ಟಿಕ್ ನೋಡುತ್ತ ಮೇಲಿನ ಗುರುತಿನ ಹತ್ತಿರಕ್ಕೆ ತನ್ನಿ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಆಫ್ ಮಾಡಿ. ಎರಡು ಮೂರು ನಿಮಿಷ ಓಡಿಸಿ ಬೋಲ್ಟ್ ಮತ್ತು ಫಿಲ್ಟರಿನ ಬುಡ ನೋಡಿ. ಆಫ್ ಮಾಡಿ 10 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಫಿಲ್ಟರ್ ಕುಡಿದಷ್ಟು ಮಟ್ಟ ಇಳಿದಿರುತ್ತದೆ, ಅಷ್ಟನ್ನು ಸೇರಿಸಿ. ‘ಸ್ವಲ್ಪ ಜಾಸ್ತಿಯೇ ಇರಲಿ’ ಎನ್ನುವುದು ಇಲ್ಲಿ ಸಲ್ಲ. ಮೇಲಿನ ಗುರುತು ಮೀರಿ ಬಹಳ ಹೆಚ್ಚಾದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಿಂದ ಬೇರಿಂಗಿಗೆ ಎಣ್ಣೆ ಸಿಗುವುದಿಲ್ಲ.

ಕಿಲೋಮೀಟರ್ ಬರೆದಿಡಿ. ಇಂಥ ಕಾರುಗಳಿಗೆ ಸಾಮಾನ್ಯ ಗಡುವು 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳಗಳಲ್ಲಿ ದಿನಾ ತೆವಳುವ ಕಾರಿಗೆ 7,500ಕ್ಕೇ ಬದಲಿಸುವುದು ವಾಸಿ. ಗಂಟೆಗೆ 18 ಕಿ.ಮೀ. ಸರಾಸರಿಯಲ್ಲಿ 10,000 ಕಿ.ಮೀ. ಎಂದರೆ ಎಂಜಿನ್ 550 ಗಂಟೆಗೂ ಮೇಲೆ ದುಡಿದಿರುತ್ತದೆ. 60ರ ಸರಾಸರಿಯ ಹೈವೇ ಕಾರು ಅಷ್ಟೇ ದೂರವನ್ನು 167 ಗಂಟೆಯಲ್ಲಿ ಮುಗಿಸುತ್ತದೆ. ಗ್ಯಾರೇಜಿಗೆ ಹೋಗದಿದ್ದರೆ ಬ್ರೇಕ್ ಪ್ಯಾಡ್, ಕೂಲಂಟ್, ಏರ್ ಫಿಲ್ಟರ್ ನೋಡುವ ಜವಾಬ್ದಾರಿಯೂ ನಿಮ್ಮದೇ.

ಇಳಿಸಿದ ಆಯಿಲ್

ಚರಂಡಿಗೆ, ಸೈಟಿನ ಮಣ್ಣಿಗೆ ಸುರಿಯಬೇಡಿ. ಗೆದ್ದಲಿಗೆಂದು ಕೊಟ್ಟಿಗೆಯ ಕಂಬಕ್ಕೆ, ಅಂಟದಿರಲೆಂದು ಸೆಂಟ್ರಿಂಗ್ ಶೀಟಿಗೆ ಬಳಿಯುವುದು ನಮ್ಮಲ್ಲಿ ರೂಢಿ. ಆದರೆ ಅದರಲ್ಲಿ ಸುಟ್ಟ ಇಂಧನದ ಮಸಿಯೂ ಸವೆದ ಲೋಹವೂ ಇವೆ. ದನ ಮೈ ಉಜ್ಜುವ ಕಂಬಕ್ಕೆ, ಕೂಲಿಯವರು ಬರಿಗೈಲಿ ಮುಟ್ಟುವ ಶೀಟಿಗೆ ಅದು ಹೋಗಬಾರದು. ಬಳಸಿದ ಆಯಿಲ್ ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಖಾಲಿ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಬ್ಯಾರೆಲ್ಲಿನಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ಕೊಡುವ ವರ್ಕ್‌ಶಾಪಿಗೆ ಕೊಡಿ. ಹಳೇ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು ಅದನ್ನೂ ಅಲ್ಲಿಗೇ ಕೊಡಿ. ನೆಲಕ್ಕೆ ಚೆಲ್ಲಿದ್ದರೆ ನೀರು ಹೊಯ್ಯದೆ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ, ಆಮೇಲೆ ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿ. ಕ್ಯಾನ್ ವಾಪಸ್ ಬಂದರೆ ಗುಜರಿಗೆ ಹಾಕುವ ಮುಂಚೆ ಲೇಬಲ್ ಹರಿದು, ಬುಡಕ್ಕೆ ದಪ್ಪ ಮೊಳೆಯಿಂದ ನಾಲ್ಕು ತೂತು ಹೊಡೆಯಿರಿ. ಹಾಳಾಗದ ಕ್ಯಾನ್ ಸಿಕ್ಕಿದರೆ ನಕಲಿ ಆಯಿಲಿನವರು ಅದಕ್ಕೇ ತುಂಬಿ ಮತ್ತೆ ಅಂಗಡಿಗೆ ಕಳಿಸುತ್ತಾರೆ.